ಇಳಿಯುತ್ತಾ ಹೋದರೆ ಸಮುದ್ರ ಸಿಗುವುದಿಲ್ಲ

ಮಡಿಕೇರಿ
೧೯-೧೧-೨೦೨೪, ಮಂಗಳವಾರ

ದೀಕ್ಷಾನ ಅಪ್ಪನಿಗೆ,

ಮಾಲತಿಯ ನಮಸ್ಕಾರ. ನಾನೂ ಮಗಳೂ ಗಟ್ಟಿಯಾಗಿದ್ದೇವೆ, ಚಳಿಯೊಂದು ಬಿಟ್ಟರೆ. ಫೋನ್ ಇರುವಾಗ ಇವಳಿಗೆ ಪತ್ರದ ಹುಚ್ಚು ಎಲ್ಲಿಂದ ಹತ್ತಿತು ಎಂದುಕೊಳ್ಳಬೇಡಿ. ಫೋನಿನಲ್ಲಾದರೆ ನನ್ನ ಮಾತು ಅರ್ಧವಾಗುವ ಮೊದಲೇ ನೀವು ‘ಆತು ಆತು, ಇಡು’ ಎನ್ನುತ್ತೀರಿ. ಕಾಗದಕ್ಕೆ ಹಾಗೆನ್ನಲು ಬರುವುದಿಲ್ಲ.

ನೀವು ಕಳಿಸಿದ ಕೆಲಸ ನನಗೆ ಮರೆತಿಲ್ಲ. ಹೊಳನಗದ್ದೆಯ ಸಂಬಂಧ ಒಳ್ಳೆಯದು, ಹುಡುಗ ರಾಜೀವ ಕುಮಟೆಯಲ್ಲಿ ನೌಕರಿಯಲ್ಲಿದ್ದಾನೆ, ಹುಡುಗಿ ಕಂಡಕ್ಟರ್ ಕೆಲಸ ಬಿಡಬೇಕು ಎಂಬುದೊಂದೇ ಅವರ ಮಾತು. ಇದನ್ನು ಮಗಳಿಗೆ ತಿಳಿಸಿ, ಒಪ್ಪಿಸಿ, ಬರುವ ಭಾನುವಾರದೊಳಗೆ ಊರಿಗೆ ಕರೆದುಕೊಂಡು ಬಾ ಎಂದಿರಿ. ಶನಿವಾರ ಸಂಜೆ ಇಲ್ಲಿಗೆ ಬಂದು ಇಳಿದಾಗ ನನ್ನ ಮನಸ್ಸಿನಲ್ಲೂ ಅದೇ ಇತ್ತು. ಅವಳ ಮುಖ ನೋಡಿದ ಮೇಲೆ ಬಾಯಿ ಬರಲಿಲ್ಲ. ನಾಳೆ ಹೇಳಿದರಾಯಿತು ಎಂದು ಎರಡು ದಿನ ಊರು ನೋಡಿದೆ.

ಊರೆಂದರೆ ಇದು ಹಳೆಯ ರಾಜರ ಊರು. ಎಲ್ಲಿಗೆ ಹೋಗುವುದಿದ್ದರೂ ಒಂದೋ ಹತ್ತಬೇಕು, ಇಲ್ಲವೇ ಇಳಿಯಬೇಕು. ಸಪಾಟಾಗಿ ನಾಲ್ಕು ಹೆಜ್ಜೆ ಇಡುವ ಜಾಗ ನನಗೆ ಕಂಡದ್ದು ಓಂಕಾರೇಶ್ವರ ದೇವಸ್ಥಾನದ ಕೆರೆಯ ಸುತ್ತ ಮಾತ್ರ. ಆಟೋದವನು ಕೋಟೆಗೆ ಕೇಳಿದ ಬಾಡಿಗೆಗೆ ಸಿಟ್ಟು ಬಂದು ನಡೆದೇ ಹೋದೆ. ಅಲ್ಲಿ ಗಾರೆಯ ಎರಡು ಆನೆಗಳಿವೆ, ಅವುಗಳ ಪಕ್ಕ ಕೂತು ಐದು ನಿಮಿಷ ಏದುಸಿರು ಬಿಟ್ಟೆ. ಆಟೋದವನು ಹೇಳಿದ್ದೇ ನ್ಯಾಯ ಅನ್ನಿಸಿತು.

ನಿನ್ನೆ ಮಧ್ಯಾಹ್ನ ರಾಜಾಸೀಟಿಗೆ ಹೋದೆ. ರಾಜರು ಅಲ್ಲಿ ಕೂತು ಸೂರ್ಯ ಮುಳುಗುವುದನ್ನು ನೋಡುತ್ತಿದ್ದರಂತೆ. ನಮ್ಮ ತೆಂಗಿನಗುಂಡಿಯ ದಂಡೆಯಲ್ಲಿ ಬಲೆ ರಿಪೇರಿ ಮಾಡುತ್ತಾ ನಾವು ದಿನಾ ನೋಡುತ್ತೇವೆ, ನಮ್ಮನ್ನು ರಾಜರು ಎಂದವರಿಲ್ಲ. ನನ್ನ ಅದೃಷ್ಟಕ್ಕೆ ಮಂಜು ಮುಚ್ಚಿಕೊಂಡು ಸೂರ್ಯ ಹೋಗಲಿ, ಎದುರಿನ ಮರವೂ ಕಾಣಲಿಲ್ಲ. ಮಗಳ ರೂಮಿಗೆ ಹೋಗುವ ಎಂದು ಹೊರಟರೆ ಬಂದ ದಾರಿ ಯಾವುದೆಂದು ತಿಳಿಯಲಿಲ್ಲ.

ಈಗ ನಗಬೇಡಿ. ನಮ್ಮ ಕಡೆ ದಾರಿ ತಪ್ಪಿದವರು ಯಾರನ್ನು ಕೇಳುತ್ತಾರೆ? ಗುಡ್ಡ ಮೂಡಕ್ಕೆ, ಸಮುದ್ರ ಪಡುವಣಕ್ಕೆ. ಇಳಿಯುತ್ತಾ ಹೋದರೆ ದಂಡೆ ಸಿಗುತ್ತದೆ, ದಂಡೆ ಹಿಡಿದು ನಡೆದರೆ ಯಾರಾದರೂ ನೆಂಟರ ಮನೆ ಸಿಗುತ್ತದೆ. ನಾನು ಅದೇ ಲೆಕ್ಕದಲ್ಲಿ ಇಳಿದೆ, ಇಳಿದೆ, ಒಂದು ಗಂಟೆಯ ಮೇಲೆ ಇಳಿದೆ. ಇಲ್ಲಿ ನಾಲ್ಕೂ ದಿಕ್ಕಿಗೆ ಇಳಿಜಾರು ಎಂದು ನನಗೇನು ಗೊತ್ತು? ಕೊನೆಗೆ ಸಿಕ್ಕಿದ್ದು ಕಾಫಿ ತೋಟದ ನಡುವೆ ಒಂದು ಚಾದಂಗಡಿ. ಮೊಬೈಲಿಗೆ ನೆಟ್‌ವರ್ಕ್ ಇಲ್ಲ.

ಅಲ್ಲಿ ಬೆಂಚಿನ ಮೇಲೆ ಒಬ್ಬ ಅಜ್ಜಿ ಕೂತಿದ್ದಳು. ಈ ದಾರಿಗೆ ಸಂಜೆ ಇರುವುದು ಒಂದೇ ಬಸ್ಸು, ಪೇಟೆಗೆ ಹೋಗುತ್ತದೆ ಎಂದಳು. ತಾನು ಎಲ್ಲಿಗೂ ಹೋಗುವವಳಲ್ಲ, ಬಸ್ಸಿನ ಕಂಡಕ್ಟರ್ ಹುಡುಗಿ ತನ್ನ ಕಣ್ಣಿನ ಔಷಧ ತರುತ್ತಾಳೆ, ಅದಕ್ಕೆ ಕಾಯುತ್ತಿದ್ದೇನೆ ಎಂದಳು. ಸಮುದ್ರದ ಕಡೆಯ ಹುಡುಗಿಯಂತೆ, ಜೋರಂತೆ, ಮನಸ್ಸು ಮಾತ್ರ ಬೆಣ್ಣೆಯಂತೆ. ನಾನು ಚಾ ತರಿಸಿಕೊಂಡು ಕುಡಿದೆ.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎನ್ನುತ್ತಾರಲ್ಲ, ಬಸ್ಸು ಬಂತು, ನಿಮ್ಮ ಮಗಳೇ ಇಳಿದಳು. ಅಜ್ಜಿಯ ಕೈಗೆ ಔಷಧ ಕೊಟ್ಟು, ತಿರುಗಿದವಳು ನನ್ನನ್ನು ನೋಡಿದಳು. ‘ಅಮ್ಮಾ, ನೀ ಎಂತಕ್ ಇಲ್ಲಿ? ಆಧಾರ್ ಕಾರ್ಡ್ ತಂದ್ಯಾ?’ ಎಂದಳು. ರೂಮಿನಲ್ಲಿದೆ ಎಂದೆ. ‘ಹಂಗಾದ್ರೆ ಪುಕ್ಕಟೆ ಇಲ್ಲ, ಟಿಕೆಟ್ ತಗಣ್ಬೇಕು’ ಎಂದು ಹೆತ್ತ ತಾಯಿಗೆ ಟಿಕೆಟ್ ಹರಿದು ಕೊಟ್ಟಳು! ಬಸ್ಸಿನವರೆಲ್ಲ ನಕ್ಕರು, ನಾನೂ ನಕ್ಕೆ. ನನಗೆ ಕೂರಲು ಮುಂದಿನ ಸೀಟು ಬಿಡಿಸಿಕೊಟ್ಟಳು.

ನಿಮಗೆ ಗೊತ್ತು, ಇಪ್ಪತ್ತು ವರ್ಷ ಮೀನಿನ ಬುಟ್ಟಿ ಹಿಡಿದು ಬಸ್ಸು ಹತ್ತಿದವಳು ನಾನು. ಮೂಗು ಮುಚ್ಚಿಕೊಂಡು ‘ಹಿಂದೆ ಹೋಗು, ಹಿಂದೆ’ ಎಂದ ಕಂಡಕ್ಟರುಗಳ ಮುಖ ಇನ್ನೂ ನೆನಪಿದೆ. ನಿನ್ನೆ ಒಬ್ಬಳು ಹೆಂಗಸು ಹಸಿಮೀನಿನ ಚೀಲ ಹಿಡಿದು ಹತ್ತಿದಳು. ಪಕ್ಕದವನು ಗೊಣಗಿದ. ದೀಕ್ಷಾ ಅವನಿಗೆ, ‘ಮಧ್ಯಾಹ್ನ ಉಣ್ಣುವಾಗ ವಾಸ್ನೆ ಬರೂದಿಲ್ವಾ?’ ಎಂದು ಕೇಳಿ ಮುಂದೆ ಹೋದಳು. ತಿರುವಿನ ಮೇಲೆ ತಿರುವು, ಎಲ್ಲರೂ ಕಂಬಿ ಹಿಡಿದು ತೂಗುತ್ತಿದ್ದರು. ಅವಳು ಏನನ್ನೂ ಹಿಡಿಯದೆ ಕಾಲು ಅಗಲಿಸಿ ನಿಂತು ಟಿಕೆಟ್ ಕೊಡುತ್ತಿದ್ದಳು, ಅಲೆಯಲ್ಲಿ ನೀವು ದೋಣಿಯ ಮೇಲೆ ನಿಲ್ಲುವ ಹಾಗೆಯೇ. ನನಗೆ ಅಳು ಬಂತು. ಸಂತೋಷದ ಅಳು, ಹೆದರಬೇಡಿ.

ರೂಮಿಗೆ ಬಂದ ಮೇಲೆ ಸಂಬಂಧದ ವಿಷಯ ಹೇಳಿದೆ. ಹುಡುಗನನ್ನು ನೋಡುತ್ತೇನೆ, ಕೆಲಸ ಬಿಡುವುದಿಲ್ಲ ಎಂದಳು. ಬಿಡು ಎಂದು ನಾನೂ ಹೇಳಲಿಲ್ಲ. ಹೇಳುವುದೂ ಇಲ್ಲ. ಮೂವತ್ತು ವರ್ಷದಲ್ಲಿ ನಿಮ್ಮ ಮಾತು ಮೀರಿದ್ದು ಇದೇ ಮೊದಲು, ಮೀರಿದ ಮೇಲೂ ನನಗೆ ಒಳ್ಳೆಯ ನಿದ್ರೆ ಬಂತು. ನಾನು ಶುಕ್ರವಾರ ಒಬ್ಬಳೇ ಹೊರಟು ಬರುತ್ತೇನೆ.

ಬೆಳಿಗ್ಗೆ ದೋಣಿಗೆ ಹೋಗುವಾಗ ತಲೆಗೆ ವಸ್ತ್ರ ಕಟ್ಟಿಕೊಳ್ಳಿ.

ನಿಮ್ಮ,
ಮಾಲತಿ

ತಾ.ಕ.: ಪತ್ರ ಮಡಿಸುವ ಮೊದಲು ಹೊಳನಗದ್ದೆಗೆ ನಾನೇ ಫೋನ್ ಮಾಡಿದೆ. ಹುಡುಗಿ ಕೆಲಸ ಬಿಡುವುದಿಲ್ಲ, ಬೇಸರ ಮಾಡಿಕೊಳ್ಳಬೇಡಿ ಎಂದೆ. ಹುಡುಗನ ತಾಯಿ ಸಣ್ಣಮ್ಮನಿಗೆ ಆಶ್ಚರ್ಯವಾಯಿತು. ‘ನಾವ್ ಎಂತಕ್ ಕೆಲ್ಸ ಬಿಡಿ ಹೇಳುದು? ಮಗಳನ್ನ ಕೆಲ್ಸ ಬಿಡ್ಸಿ ಊರಿಗೆ ತರ್ತೆ ಅಂದೇಳಿ ನಿಮ್ಮ ಯಜಮಾನ್ರೇ ಹೇಳಿದ್ದಲ್ವಾ?’ ಎಂದರು. ದೀಕ್ಷಾಗೆ ಇದನ್ನು ಹೇಳಿಲ್ಲ. ನನಗೆ ಸಿಟ್ಟೂ ಇಲ್ಲ. ಮಗಳಿಲ್ಲದೆ ನಿಮಗೆ ಮನೆ ಬಿಕೋ ಎನ್ನುತ್ತದೆ ಎಂದು ನನ್ನ ಹತ್ತಿರವೇ ಹೇಳಬಹುದಿತ್ತು. ನನಗೂ ಹಾಗೆಯೇ ಅನ್ನಿಸುತ್ತದೆ.