ಮಂಚದ ತಲೆದಿಕ್ಕಿನ ಗುಂಡಿ

ಅಕ್ಕಾ,

ಇಲ್ಲಿ ನಮ್ಮ ಕೆಲಸವೆಂದರೆ ಮಣ್ಣಿನಲ್ಲಿ ಡಬ್ಬಿ ಹೂಳುವುದು, ತಿಂಗಳಾದ ಮೇಲೆ ತೆಗೆದು, ನೆಲದಿಂದ ರೇಡಾನ್ ಎಂಬ ವಿಕಿರಣದ ಅನಿಲ ಎಷ್ಟು ಬಂದಿದೆ ಎಂದು ಅಳೆಯುವುದು. ಅದು ಹೆಚ್ಚಿದ್ದಲ್ಲಿ ಕೆಳಗೆ ಯುರೇನಿಯಂ ಸಿಗಬಹುದು. ಜೊತೆಯವಳ ಗುಂಡಿಗಳಲ್ಲಿ ಸದಾ ಹೆಚ್ಚು, ನನ್ನವುಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಸಾಹೇಬರು ಅವಳನ್ನು ಹೊಗಳಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು. ಹಟಕ್ಕೆ ಬಿದ್ದು ಒಂದು ಡಬ್ಬಿಯನ್ನು ನನ್ನ ಬಾಡಿಗೆ ಕೋಣೆಯ ಹಿಂದೆಯೇ, ಮಂಚದ ತಲೆದಿಕ್ಕಿಗೆ ಸರಿಯಾಗಿ ಹೂತೆ. ನಿನ್ನೆ ತೆಗೆದು ಅಳೆದರೆ ಅವಳದಕ್ಕಿಂತ ಎರಡು ಪಟ್ಟು ಇತ್ತು. ಅವಳ ಮುಖ ಹುಳ್ಳಗಾಯಿತು.

“ಆ ರೂಮು ಬಿಟ್ಬಿಡಮ್ಮ, ಆ ಗಾಳಿ ಶ್ವಾಸಕೋಶಕ್ಕೆ ಒಳ್ಳೇದಲ್ಲ,” ಎಂದರು ಸಾಹೇಬರು.

“ಅವಳು ಬಿಟ್ರೆ ಆ ರೂಮಿಗೆ ನಾನು ಹೋಗ್ತೀನಿ ಸಾರ್,” ಎಂದಳು ಜೊತೆಯವಳು.

ನಾನು ಬಿಟ್ಟರೆ ತಾನೆ! ಆ ಅನಿಲ ಹೊರಹೋಗಲೆಂದು ರಾತ್ರಿ ಕಿಟಕಿ ತೆರೆದಿಟ್ಟು ಮಲಗಿ ನೆಗಡಿಯಾಗಿದೆ. ಅಮ್ಮನಿಗೆ ಈ ಕಾರ್ಡು ಓದಿ ಹೇಳುವಾಗ ನೆಗಡಿಯನ್ನಷ್ಟೇ ಓದು.

ನಿನ್ನ ತಂಗಿ