ಕೀಬೋರ್ಡಿನಿಂದ ಬಂದ ಇರುವೆ

ನವೆಂಬರ್ ೧೪, ಗುರುವಾರ

ಲ್ಯಾಪ್‌ಟಾಪಿನ ಮೇಲೆ ಚೆಲ್ಲಿದ್ದು ಬರೀ ನೀರು ಎಂದು ಅಪ್ಪ ಹೇಳಿದ್ದನ್ನು ನಾನು ನಂಬುವುದಿಲ್ಲ. ಮೊನ್ನೆಯಿಂದ ಆಫ್ ಮಾಡಿ, ಬೋರಲು ಹಾಕಿ ಒಣಗಿಸಿದ್ದೇನೆ. ಆದರೂ ಒತ್ತಿದ ಗುಂಡಿ ಅಂಟಿಕೊಂಡು ಮೇಲೇಳುವುದೇ ಇಲ್ಲ. ಸಂಜೆ ಕೀಬೋರ್ಡಿನ ಸಂದಿಯಿಂದ ಇರುವೆಯೊಂದು ಹೊರಬಂತು. ಅಪ್ಪನನ್ನು ಕರೆದು ತೋರಿಸಿದೆ.

"ಯಾಕೆ, ಇರುವೆಗೆ ಬಾಯಾರಿಕೆ ಆಗಬಾರದೇನಮ್ಮ?" ಎಂದರು.

ನಾನು ಓದುವ ಅನುವಾದಿತ ಕಾದಂಬರಿಗಳಲ್ಲಿ ಅಪರಾಧಿಗಳು ಇದಕ್ಕಿಂತ ಒಳ್ಳೆಯ ಸುಳ್ಳು ಹೇಳುತ್ತಾರೆ.

ಅಪ್ಪನಿಗೆ ಸಕ್ಕರೆ ಕಾಯಿಲೆ ಎಂದು ತಿಳಿದಂದಿನಿಂದ ಈ ಮನೆಗೆ ಸಕ್ಕರೆ ಬಂದಿಲ್ಲ. ಅದು ಅಮ್ಮನ ಕಟ್ಟಪ್ಪಣೆ. ಮೂವರೂ ಕಹಿ ಕಾಫಿಯನ್ನೇ ಕುಡಿಯುತ್ತೇವೆ. ಅಪ್ಪನ ಕಾಲಿನ ಹುಣ್ಣು ಇನ್ನೂ ಮಾಗಿಲ್ಲ. ಪಥ್ಯ ತಪ್ಪಿದರೆ ಬೆರಳು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ಆ ಕಾಲಿಟ್ಟುಕೊಂಡು ಅವರು ಮೆಟ್ಟಿಲಿಳಿದು ಅಂಗಡಿಗೆ ಹೋಗಲಾರರು. ಹಾಗಾದರೆ ತಂದುಕೊಡುವವರು ಯಾರು? ಪಕ್ಕದ ಮನೆಯಾಕೆ ಇರಬೇಕೆಂದು ಊಟದ ಹೊತ್ತಿನವರೆಗೂ ಆಕೆಯನ್ನೇ ಮನಸ್ಸಿನಲ್ಲಿ ಬೈದುಕೊಂಡೆ.

ಊಟಕ್ಕೆ ಕೂತಾಗ ಲ್ಯಾಪ್‌ಟಾಪ್ ಇನ್ನೂ ಸರಿಹೋಗಿಲ್ಲ ಎಂದಷ್ಟೇ ಹೇಳಿದೆ. ಅಮ್ಮ ಸಾರು ಬಡಿಸುತ್ತಾ, "ಬಿಸಿನೀರಲ್ಲಿ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ ಒರೆಸೇ. ಆ ಅಂಟು ಅದಕ್ಕೇ ಬಿಡೋದು" ಎಂದಳು.

ಅಂಟಿನ ಮಾತನ್ನು ನಾನು ಅವಳ ಮುಂದೆ ಎತ್ತಿರಲೇ ಇಲ್ಲ. ಇರುವೆ ಬಂದಾಗ ಅವಳು ಮನೆಯಲ್ಲೂ ಇರಲಿಲ್ಲ. ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. ಅಮ್ಮ ಇನ್ನೊಂದು ಸೌಟು ಸಾರು ಹಾಕಿದಳು, ನಾನು ಬೇಡವೆಂದರೂ.

ನಾಳೆ ಬೆಳಿಗ್ಗೆ ಅಮ್ಮ ಕಾಫಿ ತಂದಾಗ ಅಪ್ಪನ ಲೋಟವನ್ನು ಮೊದಲು ನಾನೇ ತೆಗೆದುಕೊಂಡು, ಅವಳ ಮುಖ ನೋಡುತ್ತಾ ಒಂದು ಗುಟುಕು ಕುಡಿಯುತ್ತೇನೆ.