ಒಂದು ಹಾಳೆ ಹೆಚ್ಚು

ಬೈಂಡಿಂಗ್ ಶೆಡ್ಡು,
ಜೂನ್ ೧೪, ಶುಕ್ರವಾರ, ಮಧ್ಯಾಹ್ನದ ಬಿಡುವು

ಪ್ರೀತಿಯ ಮಗನೇ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತಾ? ದಿನವಿಡೀ ಲಾರಿ ಓಡಿಸುವವನು ಸೀಟಿಗೊಂದು ದಿಂಬು ಇಟ್ಟುಕೋ ಅಂತ ಎಷ್ಟು ಸಲ ಹೇಳಿದ್ದೇನೆ! ಸೊಸೆಯ ಕೆಮ್ಮು ನಿಂತಿತಾ? ತಾಯಿಯಾದವಳು ಕೇಳಬೇಕು, ಕೇಳಿದ್ದಾಯಿತು. ಇನ್ನು ಬೈಗುಳ, ಕೂತು ಓದು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಆ ಫೋನಿನ ಮುಂದೆ ಬಾಯಿ ಬಿಡುವುದಕ್ಕೇ ಈಗ ನನಗೆ ಅಸಹ್ಯ. ಅದಕ್ಕೇ ಶೆಡ್ಡಿನಲ್ಲಿ ಕತ್ತರಿಸಿ ಮಿಕ್ಕ ಹಾಳೆಯ ಮೇಲೆ ಬರೆಯುತ್ತಿದ್ದೇನೆ.

ಆ ಫೋನು ತಂದು ಕೊಟ್ಟ ದಿನ ಏನಂದಿದ್ದೆ? ‘ಹೊಚ್ಚ ಹೊಸದು ಅಮ್ಮಾ, ಪೂರ್ತಿ ಖಾಲಿ.’ ಖಾಲಿಯಂತೆ! ತೆರೆದರೆ ಕರೆಯದೆ ಬಂದ ನೆಂಟರ ಹಾಗೆ ಮೂವತ್ತೆರಡು ಆ್ಯಪ್‌ಗಳು ಕಾಲು ಚಾಚಿ ಕೂತಿದ್ದವು. ಮೂರು ತರಹದ ಸುದ್ದಿ, ಇಸ್ಪೀಟಾಟ, ಮುಖ ಬೆಳ್ಳಗೆ ಮಾಡುವ ಕ್ಯಾಮೆರಾ. ಈ ವಯಸ್ಸಿನಲ್ಲಿ ನನ್ನ ಮುಖ ಬೆಳ್ಳಗಾಗಿ ಯಾರನ್ನು ಉದ್ಧಾರ ಮಾಡಬೇಕು? ಅಳಿಸಲು ಹೋದರೆ ಆಗುವುದಿಲ್ಲ ಅನ್ನುತ್ತವೆ. ಬಾಯಿ ಮುಚ್ಚಿಸಿದರೆ ವಾರದೊಳಗೆ ಮತ್ತೆ ಎದ್ದು ಕೂರುತ್ತವೆ. ಒಂದು ಫೋಟೊ ತೆಗೆಯೋಣವೆಂದರೆ ಜಾಗವಿಲ್ಲ. ಮೂವತ್ತು ವರ್ಷದಿಂದ ಪುಸ್ತಕ ಹೊಲಿಯುತ್ತಿದ್ದೇನೆ. ಬೇಡದ ಹಾಳೆ ಸೇರಿಕೊಂಡರೆ ದಾರ ಕತ್ತರಿಸಿ ತೆಗೆದು ಮತ್ತೆ ಹೊಲಿಯುತ್ತೇನೆ. ಇದರ ದಾರ ಎಲ್ಲಿದೆಯೋ ತಿಳಿಯದೆ ನಿನ್ನನ್ನೇ ಕೇಳಿದೆ. ‘ಎಲ್ಲಾ ಕಂಪನಿಯವರದ್ದೇ ಅಮ್ಮಾ, ಮುಟ್ಟಬೇಡ, ಫೋನ್ ಕೆಟ್ಟುಹೋಗುತ್ತೆ’ ಅಂದೆ. ಹೆತ್ತವರಿಗೆ ಹೆಗ್ಗಣ ಮುದ್ದು ನೋಡು, ನಂಬಿದೆ.

ಕಳೆದ ವಾರ ನೀನು ಫೋನ್ ಮಾಡಿ, ‘ಪ್ರತಿ ಗುರುವಾರ ಸ್ಕೂಲಿನ ಹಿಂದಿನ ಗಲ್ಲಿಯಲ್ಲಿ ನಿನಗೇನು ಕೆಲಸ? ಅವಳ ಮನೆಗೆ ತಾನೆ?’ ಅಂದೆ. ಆ ವಿಷಯ ಗೊತ್ತಿದ್ದದ್ದು ಪಕ್ಕದ ಮೇಜಿನಲ್ಲಿ ಹಾಳೆ ಕತ್ತರಿಸುವ ನಮ್ಮ ಕತ್ತರಿ ಅಕ್ಕನೊಬ್ಬಳಿಗೆ ಮಾತ್ರ. ಅವಳೇ ಚಾಡಿ ಹೇಳಿದ್ದಾಳೆಂದು ಮೂರು ದಿನ ಅವಳ ಮುಖ ನೋಡಲಿಲ್ಲ. ನಾಲ್ಕನೆಯ ದಿನ ಅವಳೇ ತನ್ನ ಫೋನನ್ನು ನನ್ನ ಮೇಜಿನ ಮೇಲೆ ಕುಕ್ಕಿದಳು. ನನ್ನದನ್ನು ನೋಡಿಯೇ ಅವಳೂ ಅದೇ ಕಂಪನಿಯ ಅದೇ ಫೋನು ತಂದಿದ್ದಳು. ‘ನಾನು ಹೇಳಿಲ್ಲ ಕಣೇ, ಇದೇ ಹೇಳಿರಬೇಕು. ಬಾ, ತಾಳೆ ನೋಡೋಣ’ ಅಂದಳು. ಹೊಲಿಯುವ ಮೊದಲು ಎರಡು ಪ್ರತಿಗಳನ್ನು ಪಕ್ಕದಲ್ಲಿಟ್ಟು ಹಾಳೆಗೆ ಹಾಳೆ ಹೋಲಿಸುತ್ತೇವಲ್ಲ, ಹಾಗೇ ನೋಡಿದೆವು. ಅವಳು ಹೆಸರು ಓದಿದಳು, ನಾನು ಸೀಸದ ಕಡ್ಡಿಯಲ್ಲಿ ಗೀಟು ಹಾಕಿದೆ. ಅವಳ ಫೋನಿನಲ್ಲಿ ಮೂವತ್ತೊಂದಕ್ಕೇ ಮುಗಿಯಿತು. ನನ್ನದರಲ್ಲಿ ಒಂದು ಉಳಿಯಿತು.

ಪುಟ್ಟ ಬಿಳಿ ಮನೆಯ ಚಿತ್ರ. ಕಂಪನಿಯ ಕಸದ ನಡುವೆ ಬಚ್ಚಿಟ್ಟಿದ್ದೀಯ. ಒತ್ತಿದರೆ ನಕ್ಷೆ, ಅದರಲ್ಲಿ ನಾನೊಂದು ಚುಕ್ಕೆ. ಕೆಳಗೆ ಗುರುವಾರ ಎಷ್ಟು ಹೊತ್ತಿಗೆ ಗಲ್ಲಿಗೆ ಹೋದೆ, ಎಷ್ಟು ಹೊತ್ತಿಗೆ ಹೊರಟೆ, ಎಲ್ಲಾ ಲೆಕ್ಕ. ನೋಡುವವನ ಹೆಸರು ‘ಮಗ’. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಯಿತು ನಿನ್ನ ಬುದ್ಧಿ. ಇನ್ನೊಂದು ತಮಾಷೆ ಕೇಳು. ಉಳಿದ ಮೂವತ್ತೊಂದೂ ಹೋಗಲ್ಲ ಅಂತ ಹಟ ಹಿಡಿದಿವೆ. ನೀನು ಹಾಕಿದ್ದೊಂದನ್ನು ಮಾತ್ರ ಒಂದೇ ಒತ್ತಿಗೆ ಅಳಿಸಬಹುದು.

ಹೌದು, ನಿನ್ನ ತಂಗಿಯ ಮನೆಗೇ ಹೋಗುತ್ತೇನೆ. ಹೊಡೆಯುವ ಗಂಡನನ್ನು ಬಿಟ್ಟು ಮಗುವನ್ನು ಎತ್ತಿಕೊಂಡು ಬಂದವಳನ್ನು ‘ನಮ್ಮ ಪಾಲಿಗೆ ಸತ್ತಳು’ ಅಂದವನು ನೀನು, ನಾನಲ್ಲ. ಅಂದು ಬಾಯಿ ಮುಚ್ಚಿಕೊಂಡಿದ್ದೆನಲ್ಲ, ಅದೊಂದೇ ನನ್ನ ತಪ್ಪು. ಎರಡು ವರ್ಷ ಕಳ್ಳಿಯ ಹಾಗೆ ಸ್ವಂತ ಮಗಳ ಮನೆಗೆ ಹೋಗಿಬಂದೆ. ನಿನಗೆ ಹೆದರಿ! ಎತ್ತಿ ಆಡಿಸಿದವನಿಗೆ ಹೆದರಿ! ಜಾಗವಿಲ್ಲದೆ ಹೋದ ಫೋಟೊ ಮೊಮ್ಮಗಳದ್ದು. ಮುಂದಿನ ಎರಡು ಹಲ್ಲು ಬಿದ್ದಿವೆ, ನಕ್ಕರೆ ಥೇಟು ಚಿಕ್ಕಂದಿನ ನೀನೇ. ಅದಕ್ಕೆ ನನಗೆ ಇನ್ನೂ ಸಿಟ್ಟು.

ಚೆನ್ನಾಗಿರು. ಶಾಪ ಹಾಕಲು ನಾಲಿಗೆ ಬರುವುದಿಲ್ಲ, ಆಶೀರ್ವಾದ ಮಾಡಲು ಇವತ್ತು ಕೈ ಏಳುವುದಿಲ್ಲ. ಅದನ್ನು ಸೊಸೆಗೆ ಕೊಟ್ಟಿದ್ದೇನೆ, ಅವಳಿಂದ ಅರ್ಧ ಇಸಿದುಕೋ.

ಇಂತಿ,
ನಿನ್ನ ಚುಕ್ಕೆ

ತಾ.ಕ.: ಬೆಲ್ಲು ಹೊಡೆಯಿತು, ಬೇಗ ಬರೆಯುತ್ತೇನೆ. ನಿನ್ನ ಆ್ಯಪನ್ನು ಅಳಿಸಿಲ್ಲ. ನಾಳೆಯಿಂದ ಚುಕ್ಕೆ ಪ್ರತಿ ಸಂಜೆ ಆ ಗಲ್ಲಿಗೇ ಹೋಗಿ ಬೆಳಗಿನವರೆಗೂ ಅಲ್ಲೇ ನಿಲ್ಲುತ್ತದೆ. ಫೋನ್ ಕೆಟ್ಟಿತೆಂದುಕೊಳ್ಳಬೇಡ. ಮನೆ ಖಾಲಿ ಮಾಡಿ, ಪುಸ್ತಕ ಹೊಲಿಯುವ ನನ್ನ ಚೌಕಟ್ಟಿನ ಸಮೇತ ಅವಳ ಹತ್ತಿರ ಹೋಗುತ್ತಿದ್ದೇನೆ. ತಾಯಿ ಬೇಕೆನಿಸಿದರೆ ಬಾ. ದಾರಿ ಕೇಳುವ ಹಾಗಿಲ್ಲ, ನಕ್ಷೆ ನಿನ್ನ ಕೈಯಲ್ಲೇ ಇದೆ.